ಹೆಡ್‌ಲೈಟ್ ಮಂಕಾಗಿದೆಯಾ? ಬಲ್ಬ್ ತರುವ ಮೊದಲು ಅರ್ಥ್ ನೋಡಿ

ಕಾರಿನ ಒಂದು ಹೆಡ್‌ಲೈಟ್ ಉರಿಯುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಅಂಗಡಿಗೆ ಹೋಗಿ ಹೊಸ ಬಲ್ಬ್ ತರುವುದು. ಉರಿದರೆ ಸರಿ. ಉರಿಯದಿದ್ದರೆ ಫ್ಯೂಸ್, ಅದೂ ಅಲ್ಲದಿದ್ದರೆ ಸ್ವಿಚ್, ಕೊನೆಗೆ "ಇಡೀ ವೈರಿಂಗ್ ಹೋಗಿದೆ, ಬದಲಿಸಬೇಕು" ಅನ್ನುವ ಮಾತು. ಹುಬ್ಬಳ್ಳಿ, ಗದಗದಂಥ ಒಣ ಊರಲ್ಲಿ ಈ ಕ್ರಮ ನಡೆದೀತು. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತಿರುವ ಗಾಡಿಗಳಿಗೆ ಇದು ಹೊಂದುವುದಿಲ್ಲ. ಇಲ್ಲಿ ಕೆಡುವುದು ಜಾಸ್ತಿ ಜೋಡಣೆಗಳು. ಅಂದರೆ ವೈರ್ ಬಂದು ಲಗ್‌ಗೆ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಸೇರುವ ಜಾಗ, ಲಗ್ ಬಂದು ಬಾಡಿಗೆ ಕೂರುವ ಜಾಗ, ಬಲ್ಬಿನ ಕಾಲು ಹೋಲ್ಡರ್ ಒಳಗೆ ಹೊಗುವ ಜಾಗ. ಉಪ್ಪು, ತೇವ ಎರಡೂ ಸೇರಿ ಅಲ್ಲೆಲ್ಲ ಹಸಿರು ಕಿಲುಬು ಹಿಡಿಸುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಮಳೆಗಾಲದ ರಾತ್ರಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿದವರಿಗೆ ಹೆಡ್‌ಲೈಟ್ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಎರಡು ಲೈಟ್ ಇದ್ದೂ ತಿರುವಿನ ಅಂಚು ಕಾಣದ ಜಾಗಗಳವು. ಹಾಗಾಗಿ "ಒಂದು ಉರಿಯುತ್ತಿದೆಯಲ್ಲ, ಸದ್ಯಕ್ಕೆ ನಡೆಯುತ್ತದೆ" ಅಂತ ಬಿಡಬೇಡಿ. ಎದುರಿನಿಂದ ಬರುವವನು ನಿಮ್ಮನ್ನು ಬೈಕ್ ಅಂತಲೇ ತಿಳಿಯುತ್ತಾನೆ.

ಇಲ್ಲಿ ಹೇಳುವುದು ಮುಖ್ಯವಾಗಿ ಹ್ಯಾಲೋಜನ್ ಬಲ್ಬ್ ಇರುವ ಕಾರುಗಳಿಗೆ. ಅದರಲ್ಲೂ ಮೂರು ಕಾಲಿನ ಎಚ್4 ಬಲ್ಬ್, ನಮ್ಮ ರಸ್ತೆಯ ಚಿಕ್ಕ ಕಾರುಗಳಲ್ಲಿ ತುಂಬ ಕಾಲದಿಂದ ಇರುವಂಥದ್ದು. ನೀಲಿ ಬಿಳುಪಿನ ಎಚ್‌ಐಡಿ ಲೈಟ್ ಇದ್ದರೆ ಕೈ ಹಾಕಬೇಡಿ. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರೊಳಗೆ 20 ಸಾವಿರ ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಹೊಸ ಕಾರುಗಳಲ್ಲಿ ಲೈಟನ್ನು ಕಂಪ್ಯೂಟರ್ ನಡೆಸುತ್ತದೆ, ಅದಕ್ಕೆ ಸ್ಕ್ಯಾನರ್ ಬೇಕು.

ಮೊದಲು ಕಾರಿನ ಮುಂದೆ ನಿಂತು ನೋಡಿ

ಬಾನೆಟ್ ಎತ್ತುವ ಮೊದಲು ಐದು ನಿಮಿಷ ಸುಮ್ನೆ ನೋಡಿ. ಒಬ್ಬರನ್ನು ಒಳಗೆ ಕೂರಿಸಿ ಲೋ, ಹೈ, ಪಾರ್ಕಿಂಗ್, ಇಂಡಿಕೇಟರ್ ಒಂದೊಂದಾಗಿ ಹಾಕಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಒಂದು ಕಡೆ ಮಾತ್ರ ಪೂರ್ತಿ ಸತ್ತಿದ್ದರೆ ತೊಂದರೆ ಆ ಕಡೆಯ ಬಲ್ಬ್, ಹೋಲ್ಡರ್, ಅರ್ಥ್ (ಕರೆಂಟ್ ಬಲ್ಬಿನಿಂದ ಬಾಡಿಯ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಇಲ್ಲವೇ ಆ ಕಡೆಗೆ ಬೇರೆ ಫ್ಯೂಸ್ ಇದ್ದರೆ ಅದರಲ್ಲಿ. ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಎರಡಕ್ಕೂ ಸೇರಿದ ಭಾಗ ಹುಡುಕಬೇಕು: ರಿಲೇ (ಸಣ್ಣ ಕರೆಂಟ್‌ನಿಂದ ನಡೆದು ದೊಡ್ಡ ಕರೆಂಟ್ ದಾಟಿಸುವ ಸ್ವಿಚ್), ಮುಖ್ಯ ಫ್ಯೂಸ್, ಸ್ಟೀರಿಂಗ್ ಕೆಳಗಿನ ಸ್ವಿಚ್. ಹೈ ಬೀಮ್ ಎರಡೂ ಉರಿಯುತ್ತದೆ, ಲೋ ಬೀಮ್ ಎರಡೂ ಇಲ್ಲ ಅಂದರೆ ಹೆಚ್ಚಿನವರು ಲೋ, ಹೈ ಬದಲಿಸುವ ಡಿಪ್ಪರ್ ಸ್ವಿಚ್‌ಗೆ ಕೈ ಹಾಕುತ್ತಾರೆ. ಸ್ವಲ್ಪ ತಡೆಯಿರಿ. ಊರೊಳಗೆ ಓಡಾಡುವಾಗ ಲೋ ಬೀಮೇ ಜಾಸ್ತಿ ಉರಿಯುವುದು, ಒಂದು ಕಡೆ ಬಲ್ಬಿನೊಳಗಿನ ಲೋ ತಂತಿ ಕಡಿದು ತಿಂಗಳಾಗಿದ್ದರೂ ಗೊತ್ತಾಗಿರುವುದಿಲ್ಲ, ಇನ್ನೊಂದು ಕಡೆಯದೂ ಹೋದ ದಿನ "ಎರಡೂ ಒಟ್ಟಿಗೆ ಹೋಯಿತು" ಅನ್ನಿಸುತ್ತದೆ. ಎರಡೂ ಬಲ್ಬ್ ಬಿಚ್ಚಿ ನೋಡಿಯೇ ಮುಂದೆ ಹೋಗಿ.

ಈಗ ಗಮನ ಕೊಡಬೇಕಾದ ಲಕ್ಷಣ. ಒಂದು ಕಡೆ ಲೈಟ್ ಹಳದಿಯಾಗಿ, ಮಂಕಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಹೆಡ್‌ಲೈಟೂ ಮಿನುಗುತ್ತದೆ. ಲೋ ಹಾಕಿದಾಗ ಹೈ ತಂತಿಯೂ ಸಣ್ಣಗೆ ಕೆಂಪಾಗುತ್ತದೆ. ಇಂಥದ್ದು ಏನಾದರೂ ಕಂಡರೆ ಬಲ್ಬ್ ಅಂಗಡಿಯ ದಾರಿ ಬಿಟ್ಟುಬಿಡಿ. ಕರೆಂಟ್‌ಗೆ ವಾಪಸ್ ಹೋಗಲು ಸರಿಯಾದ ದಾರಿ ಸಿಗದೆ ಬೇರೆ ಲೈಟಿನ ತಂತಿಯ ಮೂಲಕ ನುಸುಳುತ್ತಿದೆ ಅಂತ ಅರ್ಥ. ಅರ್ಥ್ ಕೆಟ್ಟಿದೆ.

ಸಾಮಾನು ಜಾಸ್ತಿ ಏನೂ ಬೇಡ

ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಒಂದಕ್ಕೆ ಹೋಲ್ಡರ್ ಹಾಕಿ ಎರಡು ಉದ್ದ ವೈರ್ ಜೋಡಿಸಿಕೊಂಡರೆ ಟೆಸ್ಟ್ ಲ್ಯಾಂಪ್ ಆಯಿತು. ಎರಡು ಮೀಟರ್ ದಪ್ಪ ವೈರ್‌ಗೆ ಎರಡೂ ತುದಿಗೆ ಕ್ಲಿಪ್, 10 ಮತ್ತು 12 ನಂಬರ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ನಯವಾದ ಪಾಲಿಶ್ ಪೇಪರ್, ಹಳೆಯ ಹಲ್ಲುಜ್ಜುವ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಗುಂಡುಸೂಜಿ. ಇಷ್ಟೇ.

ಲೈಟ್ ಆರಿಸಿ ಬಲ್ಬ್ ತಣ್ಣಗಾಗುವವರೆಗೆ ಕಾಯಿರಿ, ಹ್ಯಾಲೋಜನ್ ಗಾಜು ಕೈ ಸುಡುವಷ್ಟು ಅಲ್ಲ, ಚರ್ಮ ಕಿತ್ತು ಬರುವಷ್ಟು ಬಿಸಿ ಇರುತ್ತದೆ. ಇಗ್ನಿಷನ್ ಆನ್ ಇದ್ದರೆ ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಅದರ ಹತ್ತಿರ ಬೆರಳು, ಲುಂಗಿ, ಶರ್ಟಿನ ತೋಳು ಏನೂ ಬೇಡ. ಯಾವುದನ್ನಾದರೂ ಕತ್ತರಿಸುವ, ಬಿಚ್ಚಿ ಬಿಗಿಯುವ ಕೆಲಸ ಇದ್ದರೆ ಮೊದಲು ಬ್ಯಾಟರಿಯ ಮೈನಸ್ ಕಳಚಿಡಿ. ಪ್ಲಸ್ ಮೊದಲು ಕಳಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ.

ಬಲ್ಬ್, ಫ್ಯೂಸ್, ರಿಲೇ

ಇವು ಬೇಗ ಮುಗಿಯುವ ಕೆಲಸಗಳು. ಉರಿಯುವ ಕಡೆಯ ಬಲ್ಬನ್ನು ಉರಿಯದ ಕಡೆಗೆ ಹಾಕಿ. ತೊಂದರೆ ಬಲ್ಬಿನ ಜೊತೆ ಇನ್ನೊಂದು ಕಡೆಗೆ ಹೋದರೆ ಬಲ್ಬೇ ಕೆಟ್ಟಿದ್ದು. ತೊಂದರೆ ಅಲ್ಲೇ ಉಳಿದರೆ ಬಲ್ಬಿಗೆ ದುಡ್ಡು ಹಾಕಬೇಡಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಎಣ್ಣೆ ಕೂತ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

ಫ್ಯೂಸ್ ಎಲ್ಲಿದೆ ಅಂತ ಫ್ಯೂಸ್ ಬಾಕ್ಸ್ ಮುಚ್ಚಳದಲ್ಲಿ ಇರುತ್ತದೆ. ಕೆಂಪು 10 ಆಂಪ್, ನೀಲಿ 15, ಹಳದಿ 20. ಕಣ್ಣಲ್ಲಿ ನೋಡಿ ಸರಿ ಇದೆ ಅನ್ನಬೇಡಿ, ಕೂದಲೆಳೆ ಬಿರುಕು ಕಾಣುವುದಿಲ್ಲ. ಲೈಟ್ ಹಾಕಿ, ಫ್ಯೂಸ್ ಕೀಳದೆ, ಟೆಸ್ಟ್ ಲ್ಯಾಂಪಿನ ಒಂದು ವೈರ್ ಬ್ಯಾಟರಿ ಮೈನಸ್‌ಗೆ ಕೊಟ್ಟು, ಇನ್ನೊಂದನ್ನು ಅದರ ಬೆನ್ನಿನ ಎರಡು ಸಣ್ಣ ಕಿಂಡಿಗಳಲ್ಲಿ ಒಂದೊಂದಾಗಿ ಇಟ್ಟು ನೋಡಿ, ಎರಡೂ ಕಡೆ ಉರಿಯಬೇಕು. ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಇಲ್ಲ ಅಂದರೆ ಫ್ಯೂಸ್‌ಗೇ ಕರೆಂಟ್ ಬರುತ್ತಿಲ್ಲ. ನಮ್ಮ ಕಡೆ ಫ್ಯೂಸ್ ಕಾಲುಗಳ ಮೇಲೂ ಬಿಳಿ ಪುಡಿ ಕೂತಿರುತ್ತದೆ, ಅದನ್ನೂ ಕಿತ್ತು ನೋಡಿ.

ರಿಲೇಗೆ ಸುಲಭದ ಉಪಾಯ ಇದೆ. ತುಂಬ ಕಾರುಗಳಲ್ಲಿ ಹಾರ್ನ್ ರಿಲೇ, ಹೆಡ್‌ಲೈಟ್ ರಿಲೇ ಒಂದೇ ತರಹದ್ದು. ಮೇಲಿನ ನಂಬರ್ ಒಂದೇ ಇದ್ದರೆ ಅದಲುಬದಲು ಮಾಡಿ. ಟಿಕ್ ಅಂತ ಶಬ್ದ ಬಂತು, ರಿಲೇ ಸರಿ ಇದೆ ಅಂದುಕೊಳ್ಳುವುದು ಬೇಡ. ಟಿಕ್ ಅನ್ನುವುದು ಒಳಗಿನ ಸುರುಳಿ ಎಳೆದ ಶಬ್ದ ಅಷ್ಟೇ, ಕರೆಂಟ್ ದಾಟಿಸುವ ಪಾಯಿಂಟ್ ಸುಟ್ಟು ಕಪ್ಪಾಗಿರಬಹುದು.

ಮೀಟರ್ 12 ವೋಲ್ಟ್ ತೋರಿಸಿದರೆ ಸಾಲದು

ಹೋಲ್ಡರ್ ಕಳಚಿ, ಅದರೊಳಗೆ ಮೀಟರ್ ಕಡ್ಡಿ ಇಟ್ಟು "12.4 ಬರುತ್ತಿದೆ, ಕರೆಂಟ್ ಇದೆ" ಅನ್ನುವವರನ್ನು ತುಂಬ ನೋಡಿದ್ದೇನೆ. ಅಲ್ಲಿಂದಲೇ ದಾರಿ ತಪ್ಪುವುದು. ಮೀಟರ್‌ಗೆ ಬೇಕಾಗುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ವೈರಿನ ಒಳಗೆ ಎಲ್ಲ ಎಳೆ ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ತೋರಿಸುತ್ತದೆ. ಆದರೆ 55 ವ್ಯಾಟ್‌ನ ಲೋ ಬೀಮ್‌ಗೆ ಸುಮಾರು 4.6 ಆಂಪ್ ಬೇಕು, 60 ವ್ಯಾಟ್‌ನ ಹೈ ಬೀಮ್‌ಗೆ 5 ಆಂಪ್. ಅಷ್ಟನ್ನು ಆ ಒಂದು ಎಳೆ ಎಲ್ಲಿಂದ ಹೊತ್ತೀತು? ಬಲ್ಬ್ ಜೋಡಿಸಿದ ಕೂಡಲೇ ವೋಲ್ಟ್ ಕುಸಿಯುತ್ತದೆ, ಲೈಟ್ ಮಂಕಾಗುತ್ತದೆ, ಇಲ್ಲವೇ ಉರಿಯುವುದೇ ಇಲ್ಲ.

ಹಾಗಾಗಿ ನೆನಪಿಡಬೇಕಾದ್ದು ಇದು: ಬಲ್ಬ್ ಉರಿಯುತ್ತಿರುವಾಗ ಅಳೆಯಬೇಕು. ಲೋಡ್ ಇಲ್ಲದ ಅಳತೆಯನ್ನು ನಂಬಬೇಡಿ.

ಸಣ್ಣ ಲೆಕ್ಕ ಹಾಕಿ ನೋಡಿ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.3 ಓಮ್ ಅಡ್ಡಿ ಇದೆ ಅಂತಿಟ್ಟುಕೊಳ್ಳೋಣ. ಸಾಧಾರಣ ಮೀಟರ್‌ನಲ್ಲಿ ಓಮ್ ಇಟ್ಟು ಅಳೆದರೆ ಅದು ಸರಿಯಾಗಿ ಕಾಣುವುದೂ ಇಲ್ಲ, ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ ಅಷ್ಟು ತೋರಿಸುತ್ತದೆ. ಆದರೆ 4 ಆಂಪ್ ಹರಿದಾಗ ಅಲ್ಲೇ 1.2 ವೋಲ್ಟ್ ನಷ್ಟ, ಜೊತೆಗೆ ಆ ಪುಟ್ಟ ಜಾಗದಲ್ಲಿ 5 ವ್ಯಾಟ್ ಹತ್ತಿರ ಬಿಸಿ. ಹೋಲ್ಡರ್ ಕಪ್ಪಾಗಿ ಕರಗುವುದು ಇದರಿಂದಲೇ. ಬೆಳಕಿನ ನಷ್ಟ ಇನ್ನೂ ದೊಡ್ಡದು. ಹ್ಯಾಲೋಜನ್ ಬಲ್ಬಿಗೆ ವೋಲ್ಟ್ ನೂರಕ್ಕೆ 10 ಕಡಿಮೆಯಾದರೆ ಬೆಳಕು ಹತ್ತಲ್ಲ, ಸುಮಾರು 30 ಕಡಿಮೆಯಾಗುತ್ತದೆ. ಬಲ್ಬ್ ಹೊಸದು, ಗಾಜು ಸ್ವಚ್ಛ, ಆದರೂ ರಸ್ತೆ ಕಾಣುತ್ತಿಲ್ಲ ಅನ್ನುವವರ ಗಾಡಿಯಲ್ಲಿ ಆಗಿರುವುದು ಇದೇ.

ಅಳೆಯುವುದು ಹೇಗೆ? ಎಂಜಿನ್ ಸ್ಟಾರ್ಟ್ ಮಾಡಿ, ಲೋ ಬೀಮ್ ಹಾಕಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಮೊದಲು ಬ್ಯಾಟರಿಯ ಎರಡು ಕಂಬಗಳ ಮೇಲೆ ಅಳೆದು ಬರೆದುಕೊಳ್ಳಿ. ಚಾರ್ಜಿಂಗ್ ಸರಿ ಇದ್ದರೆ 13.8 ರಿಂದ 14.4 ಒಳಗೆ ಇರಬೇಕು. 12.5ಕ್ಕಿಂತ ಮೇಲೆ ಏಳುತ್ತಲೇ ಇಲ್ಲ ಅಂದರೆ ಲೈಟ್ ಕೆಲಸ ಬಿಟ್ಟು ಆಲ್ಟರ್ನೇಟರ್, ಬೆಲ್ಟ್ ನೋಡಿ.

ಆಮೇಲೆ ಬಲ್ಬಿನ ಹತ್ತಿರ ಬನ್ನಿ. ಹೋಲ್ಡರ್ ಬಲ್ಬಿಗೆ ಚುಚ್ಚಿಕೊಂಡೇ ಇರಲಿ. ಅದರ ಹಿಂಬದಿಯಿಂದ, ವೈರ್ ಒಳಗೆ ಹೋಗುವ ಜಾಗದಲ್ಲಿ, ಗುಂಡುಸೂಜಿ ನಿಧಾನವಾಗಿ ತೂರಿಸಿ ಒಳಗಿನ ಲೋಹಕ್ಕೆ ತಾಗಿಸಿ. ಎರಡು ಸೂಜಿ ಒಂದಕ್ಕೊಂದು ತಾಗಬಾರದು. ವೈರಿನ ಮೇಲಿನ ಪ್ಲಾಸ್ಟಿಕ್‌ಗೆ ಮಾತ್ರ ಸೂಜಿ ಚುಚ್ಚಬೇಡಿ. ಬೇರೆ ಊರಿನ ವಿಡಿಯೋಗಳಲ್ಲಿ ಹಾಗೆ ಮಾಡುತ್ತಾರೆ. ನಮ್ಮ ಗಾಳಿಗೆ ಆ ಸೂಜಿ ತೂತೇ ಸಾಕು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ತಾಮ್ರ ಹಸಿರಾಗಿರುತ್ತದೆ.

ಎಚ್4 ಬಲ್ಬಿಗೆ ಒಂದು ಕಾಲು ಲೋ, ಒಂದು ಹೈ, ಒಂದು ಎರಡಕ್ಕೂ ಸೇರಿದ್ದು. ಎಲ್ಲ ಕಾರಲ್ಲೂ ಈ ಸೇರಿದ ಕಾಲು ಅರ್ಥ್ ಅಂದುಕೊಳ್ಳಬೇಡಿ. ಕೆಲವು ಕಾರುಗಳಲ್ಲಿ ಅದಕ್ಕೇ ಪ್ಲಸ್ ಬರುತ್ತದೆ, ಸ್ವಿಚ್ ಮೈನಸ್ ಕಡೆಯಲ್ಲಿ ಕೆಲಸ ಮಾಡುತ್ತದೆ. ಹೋಲ್ಡರ್ ಕಳಚಿ, ಲೈಟ್ ಹಾಕಿ, ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ ಇಟ್ಟು ಮೂರೂ ಕಿಂಡಿ ನೋಡಿದರೆ ಯಾವ ಬಗೆ ಅಂತ ಗೊತ್ತಾಗುತ್ತದೆ. ಲೋ, ಹೈ ಬದಲಿಸಿದರೂ ಒಂದೇ ಕಿಂಡಿಯಲ್ಲಿ 12 ನಿಂತಿದ್ದರೆ ನಿಮ್ಮದು ಎರಡನೇ ಬಗೆ. ಈ ಕೆಲಸಕ್ಕೆ ಮಾತ್ರ ಲೋಡ್ ಇಲ್ಲದ ಅಳತೆ ಸಾಕು.

ಈಗ ಬಲ್ಬ್ ಉರಿಯುತ್ತಿರುವಾಗ ಸೇರಿದ ಕಾಲಿಗೂ ಲೋ ಕಾಲಿಗೂ ನಡುವೆ ಅಳೆಯಿರಿ. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 13.3ಕ್ಕಿಂತ ಮೇಲಿದ್ದರೆ ವೈರಿಂಗ್ ಚೆನ್ನಾಗಿದೆ. 12.5 ಇದ್ದರೆ ಒಂದೂವರೆ ವೋಲ್ಟ್ ಎಲ್ಲೋ ಸೋರುತ್ತಿದೆ, ಎಲ್ಲಿ ಅಂತ ಹಿಡಿಯಬೇಕು.

ಪ್ಲಸ್ ಕಡೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಬಲ್ಬಿನ ಪ್ಲಸ್ ಕಾಲಿಗೆ. ಮೀಟರ್ ತೋರಿಸುವುದೇ ನಷ್ಟ. 0.5ರ ಒಳಗಿದ್ದರೆ ಬಿಡಿ. ಮೈನಸ್ ಕಡೆ: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಬಲ್ಬಿನ ಅರ್ಥ್ ಕಾಲಿಗೆ. ಇಲ್ಲಿ 0.2 ದಾಟಬಾರದು. (ಎರಡನೇ ಬಗೆಯ ಕಾರಿನಲ್ಲಿ ಮೈನಸ್ ದಾರಿ ಸ್ವಿಚ್ ಸುತ್ತಿ ಬರುವುದರಿಂದ ಇನ್ನೊಂದಿಷ್ಟು ಜಾಸ್ತಿ ಇದ್ದೀತು.)

ಯಾವ ಕಡೆ ನಷ್ಟ ಜಾಸ್ತಿಯೋ ಆ ಕಡೆ ಬ್ಯಾಟರಿಯಿಂದ ಬಲ್ಬಿನ ಕಡೆಗೆ ಒಂದೊಂದೇ ಹೆಜ್ಜೆ ಅಳೆಯುತ್ತಾ ಬನ್ನಿ. ಮೈನಸ್ ಕಡೆ ಅಂತಿಟ್ಟುಕೊಳ್ಳಿ. ಒಂದು ಕಡ್ಡಿ ಬ್ಯಾಟರಿ ಕಂಬದ ಮೇಲೆಯೇ ಇರಲಿ, ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆ. ಇನ್ನೊಂದನ್ನು ಮೊದಲು ಕ್ಲ್ಯಾಂಪ್‌ಗೆ, ಆಮೇಲೆ ಬ್ಯಾಟರಿ ವೈರ್ ಬಾಡಿಗೆ ಸೇರುವ ಬೋಲ್ಟ್‌ಗೆ, ಆಮೇಲೆ ಹೆಡ್‌ಲೈಟ್ ಹತ್ತಿರದ ಬಾಡಿಯ ಬರಿ ಲೋಹಕ್ಕೆ, ಅಲ್ಲಿಯ ಅರ್ಥ್ ಬೋಲ್ಟ್‌ಗೆ, ಲಗ್‌ಗೆ, ಕೊನೆಗೆ ಬಲ್ಬಿನ ಕಾಲಿಗೆ. 0.02, 0.03, 0.05 ಅಂತ ಏರುತ್ತಾ ಬಂದು ಒಂದು ಕಡೆ ಥಟ್ಟನೆ 1.4 ಆದರೆ ಕಳ್ಳ ಆ ಎರಡು ಜಾಗಗಳ ನಡುವೆ ಇದ್ದಾನೆ.

ಮೀಟರ್ ಇಲ್ಲದವರಿಗೆ ಇನ್ನೂ ಸರಳ ಪರೀಕ್ಷೆ. ಕ್ಲಿಪ್ ಹಾಕಿದ ಉದ್ದ ವೈರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಲ್ಬಿನ ಅರ್ಥ್ ಕಾಲಿಗೆ ಚುಚ್ಚಿದ ಸೂಜಿಗೆ. ಲೈಟ್ ಫಕ್ಕನೆ ಬೆಳ್ಳಗಾದರೆ ಅರ್ಥ್ ಕೆಟ್ಟಿರುವುದು ಖಚಿತ. ಯಾವುದು ಅರ್ಥ್ ಕಾಲು ಅಂತ ಖಾತ್ರಿ ಇದ್ದರೆ ಮಾತ್ರ ಮಾಡಿ. ಪ್ಲಸ್ ಕಡೆ ಇದೇ ತರಹ ಮಾಡುವುದಾದರೆ ವೈರ್ ನಡುವೆ 10 ಆಂಪ್ ಫ್ಯೂಸ್ ಇರಲೇಬೇಕು.

ಅರ್ಥ್ ಬಿಚ್ಚಿದಾಗ

ಅಂಕೋಲೆಯ ಗೆಳೆಯನೊಬ್ಬನ ಗಾಡಿ ಹೀಗೇ ಇತ್ತು. ಮನೆ ಹೆದ್ದಾರಿ 66ರ ಪಕ್ಕ, ಗಾಡಿ ನಿಲ್ಲುವುದು ಸಮುದ್ರದ ಕಡೆ ಮುಖ ಮಾಡಿ. ಬಲಗಡೆ ಮಂಕು, ಇಂಡಿಕೇಟರ್ ಹಾಕಿದರೆ ಮಿಣಮಿಣ. ಬಲ್ಬ್ ಬದಲಾಗಿತ್ತು, ಹೋಲ್ಡರೂ ಬದಲಾಗಿತ್ತು, ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ ತರಿಸುವ ಮಾತು ನಡೆದಿತ್ತು. ಮೈನಸ್ ಕಡೆ ಅಳೆದರೆ ನಷ್ಟವೇ 2.3 ವೋಲ್ಟ್. ಹೆಡ್‌ಲೈಟ್ ಕೆಳಗೆ, ಬಂಪರಿನ ಹಿಂದೆ ಅರ್ಥ್ ಬೋಲ್ಟ್. ಮೇಲಿಂದ ನೋಡಿದರೆ ಬಣ್ಣ ಕೂಡ ಮಾಸಿರಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟ್ ಬಂತು, ಲಗ್ ಬರಲಿಲ್ಲ, ಬಾಡಿಗೆ ಅಂಟಿಕೊಂಡಿತ್ತು. ಸ್ಕ್ರೂ ಡ್ರೈವರಿನಿಂದ ಮೀಟಿದಾಗ ಕಂದು ತುಕ್ಕಿನ ಚಕ್ಕೆ ಸಮೇತ ಎದ್ದಿತು, ಕೆಳಗೆ ಹಸಿರು ಬೆರೆತ ಬಿಳಿ ಪುಡಿ, ವೈರ್ ಲಗ್ಗಿಗೆ ಸೇರುವ ಕುತ್ತಿಗೆಯಲ್ಲಿ ಅರ್ಧಕ್ಕರ್ಧ ಎಳೆ ಕಡಿದಿತ್ತು. ಹೊಸ ಲಗ್ ಹಾಕಿ, ಕೆಳಗಿನ ತಗಡು ತಿಕ್ಕಿ ಕೂರಿಸಿದ ಮೇಲೆ ನಷ್ಟ 0.06ಕ್ಕೆ ಇಳಿಯಿತು. "ಮಾರಾಯ, ಇಷ್ಟು ದಿನ ಈ ಲೈಟ್ ಹಿಂಗೆ ಇರ್ತದೆ ಅಂತಾನೇ ಗೊತ್ತಿರ್ಲಿಲ್ಲ" ಅಂದ ಅವನು, ಗೋಡೆ ಮೇಲಿನ ಬೆಳಕು ನೋಡಿ. ಖರ್ಚಾಗಿದ್ದು ಒಂದು ಲಗ್.

ನೀವು ಮಾಡುವಾಗ ಗಮನಿಸಿ. ಲಗ್‌ನ ಎರಡೂ ಮುಖ, ಬಾಡಿಯ ತಗಡು, ಬೋಲ್ಟಿನ ಮರೆ ಎಲ್ಲವನ್ನೂ ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಿ. ತಿಕ್ಕುವ ಮೊದಲು ಒಂದಿಷ್ಟು ಸಿಹಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಯಾಕೆಂದರೆ ಕೂತಿರುವುದು ಉಪ್ಪು, ಉಪ್ಪು ಕರಗುವುದು ನೀರಿಗೆ. ಬರೀ ಸ್ಪ್ರೇ ಹೊಡೆದರೆ ಉಪ್ಪು ಅಲ್ಲೇ ಇರುತ್ತದೆ, ಮುಂದಿನ ತೇವಕ್ಕೆ ಮತ್ತೆ ಶುರು. ತಾಮ್ರದ ಹಂಡೆ ಹುಣಸೆಹಣ್ಣಿಗೆ ಬೆಳಗುತ್ತದೆ ಅಂತ ಇಲ್ಲೂ ಹುಣಸೆಹಣ್ಣು, ನಿಂಬೆರಸ ಹಚ್ಚಬೇಡಿ. ಹಂಡೆಯನ್ನು ಕೊಡಗಟ್ಟಲೆ ನೀರಲ್ಲಿ ತೊಳೆಯುತ್ತೀರಿ, ವೈರಿನ ಸಂದಿಗೆ ಹೊಕ್ಕ ಹುಳಿ ಅಲ್ಲೇ ಉಳಿದು ತಾಮ್ರ ತಿನ್ನುತ್ತದೆ. ಬ್ಯಾಟರಿ ಕಂಬದ ಮೇಲಿನ ಪುಡಿಗೆ ಮಾತ್ರ ಅಡುಗೆ ಸೋಡಾ ಕಲಸಿದ ನೀರು ಒಳ್ಳೆಯದು, ಅದೂ ಬ್ಯಾಟರಿ ಮುಚ್ಚಳದೊಳಗೆ ಇಳಿಯದ ಹಾಗೆ.

ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಇಲ್ಲವೇ ವ್ಯಾಸಲಿನ್ ದಪ್ಪಗೆ ಬಳಿಯಿರಿ. ಲೋಹಕ್ಕೆ ಲೋಹ ತಾಗಿ ಬಿಗಿಯಾಗಲಿ, ಗ್ರೀಸ್ ಅದರ ಮೇಲೆ ಹೊದಿಕೆ. ಡಬ್ಲ್ಯುಡಿ-40 ನೀರು ಓಡಿಸಲು ಚೆನ್ನಾಗಿದೆ, ಆದರೆ ಅದು ಗ್ರೀಸ್ ಕೆಲಸ ಮಾಡುವುದಿಲ್ಲ. ಮಳೆಗಾಲಕ್ಕೆ ಅದನ್ನೇ ನಂಬಿ ಕೂರಬೇಡಿ.

ಹೋಲ್ಡರ್ ಮತ್ತು ವೈರ್

ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಕಿಂಡಿ ಕರಗಿ ಅಗಲವಾಗಿದ್ದರೆ ತಿಕ್ಕಿ ಪ್ರಯೋಜನ ಇಲ್ಲ, ಬದಲಿಸಿ. ಒಳಗಿನ ಸ್ಪ್ರಿಂಗ್ ಕಳೆದುಕೊಂಡ ಕ್ಲಿಪ್ ಬಲ್ಬಿನ ಕಾಲನ್ನು ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ. ಬಿಳಿ ಸೆರಾಮಿಕ್ ಹೋಲ್ಡರ್ ಸಿಗುತ್ತದೆ, ಸ್ವಲ್ಪ ಜಾಸ್ತಿ ಕೊಟ್ಟರೂ ಅದೇ ತನ್ನಿ.

ವೈರ್ ಕತ್ತರಿಸಿದಾಗ ಒಳಗೆ ಏನಿದೆ ನೋಡಿ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಈ ಎಳೆಎಳೆ ತಾಮ್ರ ಉಪ್ಪುನೀರನ್ನು ಒಳಗೊಳಗೇ ಮೇಲಕ್ಕೆ ಹೀರಿಕೊಂಡಿರುತ್ತದೆ. ಒಂದಿಂಚು ಬಿಡಿಸಿದಾಗ ಕಪ್ಪು, ಇನ್ನೊಂದು ಇಂಚು ಬಿಡಿಸಿದರೂ ಕಪ್ಪು. ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಕಪ್ಪಾದ ತಾಮ್ರಕ್ಕೆ ಸೀಸದ ಬೆಸುಗೆ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೆ (ಲೋಹದ ಕೊಳವೆಯಲ್ಲಿ ಇಟ್ಟು ಒತ್ತಿ ಬಿಗಿದರೆ) ಮೇಲೆ ಬಿಗಿ, ಒಳಗೆ ಅದೇ ಅಡ್ಡಿ. ಕಡಿಮೆ ಬಿದ್ದ ಉದ್ದಕ್ಕೆ ಗಾಡಿಗೆ ಬಳಸುವ 2.5 ಚದರ ಮಿ.ಮೀ. ಎಳೆ ವೈರ್ ಸೇರಿಸಿ. ಸರಿಯಾದ ಪ್ಲೈಯರ್‌ನಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸಿ. ತಿರುಚಿ ಟೇಪ್ ಸುತ್ತುವುದು ನಮ್ಮ ಹವೆಗೆ ಕೆಲಸವೇ ಅಲ್ಲ. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ, ಮಳೆಯಲ್ಲಿ ಅದರೊಳಗೇ ನೀರು ನಿಲ್ಲುತ್ತದೆ.

ಬೆಳಕು ಸಾಲದು ಅಂತ 100/90 ವ್ಯಾಟ್ ಬಲ್ಬ್ ಹಾಕುವವರು ಇದ್ದಾರೆ. 100 ವ್ಯಾಟ್ ಅಂದರೆ 8 ಆಂಪ್‌ಗೂ ಮೇಲೆ. ಕಂಪನಿ ವೈರ್, ಸ್ವಿಚ್ ಅಷ್ಟಕ್ಕೆ ಮಾಡಿದ್ದಲ್ಲ, ಹೋಲ್ಡರ್ ಸುಡುತ್ತದೆ, ರಿಫ್ಲೆಕ್ಟರ್ ಬೆಳ್ಳಿ ಬಣ್ಣವೂ ಹೋಗುತ್ತದೆ, ಎದುರಿನವನ ಕಣ್ಣಿಗೂ ಕುಕ್ಕುತ್ತದೆ. 60/55 ಬಲ್ಬಿಗೇ ಪೂರ್ತಿ ವೋಲ್ಟ್ ತಲುಪಿಸಿ, ಅದೇ ಸಾಕಷ್ಟು ಬೆಳಕು ಕೊಡುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೀರಿಂಗ್ ಹತ್ತಿರದ ಸ್ವಿಚ್ ಮೂಲಕವೇ ಹೋಗುತ್ತದೆ. ಅಂಥದ್ದಕ್ಕೆ ರಿಲೇ ಇರುವ ವೈರಿಂಗ್ ಕಿಟ್ ಹಾಕುವುದು ನಿಜಕ್ಕೂ ಒಳ್ಳೆಯದು. ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ರಿಲೇಗೆ, ರಿಲೇಯಿಂದ ಬಲ್ಬಿಗೆ. ಹಳೆಯ ಸ್ವಿಚ್ ರಿಲೇಯನ್ನು ಎಳೆಯುವಷ್ಟು ಮಾತ್ರ ಕರೆಂಟ್ ಹೊರುತ್ತದೆ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಬೇಡಿ. ಗಾಡಿಗೆ ಬೆಂಕಿ ಬೀಳುವುದು ಹೀಗೆಯೇ. ಎಲ್ಲೋ ಪ್ಲಸ್ ವೈರಿನ ಚರ್ಮ ಸವೆದು ಬಾಡಿಗೆ ತಾಗುತ್ತಿದೆ. ಎರಡೂ ಹೆಡ್‌ಲೈಟ್ ಹೋಲ್ಡರ್ ಕಳಚಿ. ಹೋದ ಫ್ಯೂಸಿನ ಜಾಗದಲ್ಲಿ ನಿಮ್ಮ 21 ವ್ಯಾಟ್ ಟೆಸ್ಟ್ ಲ್ಯಾಂಪನ್ನು ಜೋಡಿಸಿ ಲೈಟ್ ಹಾಕಿ. ಲ್ಯಾಂಪ್ ಪೂರ್ತಿ ಬೆಳಗಿದರೆ ಶಾರ್ಟ್ ಇದೆ. ಫ್ಯೂಸ್ ಸುಡುವ ಭಯ ಇಲ್ಲದೆ ಈಗ ವೈರಿಂಗನ್ನು ಒಂದೊಂದು ಗೇಣು ಅಲ್ಲಾಡಿಸುತ್ತಾ ಬನ್ನಿ. ಯಾವ ಜಾಗ ಅಲ್ಲಾಡಿಸಿದಾಗ ಲ್ಯಾಂಪ್ ಆರುತ್ತದೋ ಅಲ್ಲೇ ತೊಂದರೆ. ರೇಡಿಯೇಟರ್ ಪಟ್ಟಿಯ ಅಂಚು, ಬ್ಯಾಟರಿ ತಟ್ಟೆಯ ಕೆಳಗೆ, ಹಿಂದೆ ಎಲ್ಲಾದರೂ ಗುದ್ದಿ ತಗಡು ಕೆಲಸ ಮಾಡಿಸಿದ ಜಾಗ, ಇವು ಮೊದಲು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಉಪ್ಪಿನ ಕಾಟ ಕಡಿಮೆ, ಇಲಿಯ ಕಾಟ ಜಾಸ್ತಿ. ಅಡಿಕೆ ಚಪ್ಪರದ ಕೆಳಗೋ ಕೊಟ್ಟಿಗೆ ಪಕ್ಕವೋ ಗಾಡಿ ನಿಲ್ಲಿಸುತ್ತೀರಿ, ಮಳೆಗಾಲದಲ್ಲಿ ಬಾನೆಟ್ ಒಳಗಿನ ಬೆಚ್ಚಗಿನ ಜಾಗ ಅವಕ್ಕೆ ಅರಮನೆ ಅಲ್ವಾ. ಬ್ಯಾಟರಿ ಪಕ್ಕ ಒಣಹುಲ್ಲು, ಅಡಿಕೆ ಸಿಪ್ಪೆ, ಬಟ್ಟೆ ಚೂರು ಕಂಡರೆ ವೈರಿಂಗ್ ಮೇಲಿನ ಸುಕ್ಕು ಕೊಳವೆ ಬಿಡಿಸಿ ಒಳಗೆ ನೋಡಿ, ಹಲ್ಲಿನ ಗುರುತು ಸಿಗುತ್ತದೆ. ಹೊಗೆಸೊಪ್ಪಿನ ಕಟ್ಟು ಇಡುವವರಿದ್ದಾರೆ, ಘಾಟು ಇರುವಷ್ಟು ದಿನ ಏನೋ ಪರವಾಗಿಲ್ಲ. ಕೆಳಗಿನಿಂದ ಬರುವ ಸಂದಿಗಳಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸುವುದೇ ಬಾಳಿಕೆಯ ದಾರಿ.

ಲೈಟಿನ ಒಳಗೆ ನೀರು

ಮಳೆಯಲ್ಲಿ ಗಾಜಿನ ಒಳಗೆ ತೆಳ್ಳಗೆ ಮಂಜು ಹಿಡಿದು, ಲೈಟ್ ಉರಿದ ಸ್ವಲ್ಪ ಹೊತ್ತಿಗೆ ಆ ಮಂಜು ಆರಿದರೆ ಗಾಬರಿ ಬೇಡ. ತಳದಲ್ಲಿ ನೀರು ನಿಂತಿದ್ದರೆ ಬಿಡಬೇಡಿ. ಬಲ್ಬಿನ ಹಿಂದಿನ ರಬ್ಬರ್ ಟೋಪಿ ಹರಿದಿದೆಯಾ, ಅಂಚು ಪೂರ್ತಿ ಕೂತಿದೆಯಾ ನೋಡಿ. ಬಲ್ಬ್ ಬದಲಿಸಿದವರು ಇದನ್ನು ಅರ್ಧಂಬರ್ಧ ಸಿಕ್ಕಿಸಿ ಬಿಟ್ಟಿರುವುದೇ ಜಾಸ್ತಿ. ಗಾಳಿ ಆಡುವ ಸಣ್ಣ ಕೊಳವೆಯನ್ನು ಸಿಲಿಕಾನ್ ಹಾಕಿ ಮುಚ್ಚಬೇಡಿ, ಆಮೇಲೆ ಒಳಗಿನ ತೇವ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದೂ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಮೃಗಶಿರ ಮಳೆ ಹಿಡಿಯುವ ಮೊದಲೇ ಈ ಟೋಪಿ, ಅರ್ಥ್ ಬೋಲ್ಟ್, ಬ್ಯಾಟರಿ ಕ್ಲ್ಯಾಂಪ್ ಒಮ್ಮೆ ನೋಡಿಬಿಡಿ. ಬೈತಖೋಲ, ತದಡಿ ಬಂದರಿನ ಕಡೆ ಮೀನು ಸಾಗಿಸುವ ಗಾಡಿಗಳಾದರೆ ಮಳೆ ಮುಗಿದ ಮೇಲೂ ಇನ್ನೊಮ್ಮೆ ನೋಡಬೇಕು. ಬುಟ್ಟಿಯಿಂದ ಸೋರುವ ನೀರು ಬರೀ ನೀರಲ್ಲ.

ಮುಗಿಸುವ ಮೊದಲು

ಎಲ್ಲ ಜೋಡಿಸಿದ ಮೇಲೆ ಮೊದಲು ಬರೆದುಕೊಂಡ ಅಳತೆಗಳನ್ನು ಮತ್ತೆ ತೆಗೆಯಿರಿ, ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ. ಹತ್ತು ನಿಮಿಷ ಉರಿಯಲು ಬಿಟ್ಟು, ಆರಿಸಿ, ಹೋಲ್ಡರಿನ ಹಿಂದಿನ ವೈರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಇನ್ನೂ ಎಲ್ಲೋ ಅಡ್ಡಿ ಉಳಿದಿದೆ.

ಬಲ್ಬ್ ಬಿಚ್ಚಿ ಹಾಕಿದ್ದೀರಿ, ಹಾಗಾಗಿ ಬೆಳಕಿನ ಎತ್ತರವನ್ನೂ ನೋಡಬೇಕು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ನೆಲದಿಂದ ಬಲ್ಬಿನ ಎತ್ತರ ಅಳೆದು ಗೋಡೆಯ ಮೇಲೆ ಸುಣ್ಣದಲ್ಲೋ ಟೇಪಿನಲ್ಲೋ ಗುರುತು ಹಾಕಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ 10 ರಿಂದ 15 ಸೆಂಟಿಮೀಟರ್ ಕೆಳಗೆ ಇರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಬೇಕು, ರಸ್ತೆಯ ಅಂಚು, ನಡೆದು ಹೋಗುವವರು ಕಾಣಲಿ ಅಂತ. ಅಂಚೇ ಕಾಣದೆ ಬೆಳಕು ಗೋಡೆ ತುಂಬ ಚೆಲ್ಲಿದ್ದರೆ ಬಲ್ಬಿನ ಚಕ್ರದ ಮೂರು ಕಿವಿಗಳು ತಮ್ಮ ಕಚ್ಚಿನಲ್ಲಿ ಕೂತಿಲ್ಲ. ರಬ್ಬರ್ ಟೋಪಿ ತೆಗೆದು, ಸ್ಪ್ರಿಂಗ್ ಕ್ಲಿಪ್ ಬಿಡಿಸಿ, ಬಲ್ಬನ್ನು ಮತ್ತೆ ಸರಿಯಾಗಿ ಕೂರಿಸಿ.